ಕೊನೆಯಲ್ಲಿ ಮಲ್ಲಿಗೆ

“ಅಜ್ಜೀ, ಬಾಯಿಗೆ ಬೇಡದ ರುಚಿ ಬಂದರೆ ಅದು ಯಾರ ತಪ್ಪು ಎಂದು ತಿಳಿಯುವುದು ಹೇಗೆ?”

“ಎಂಥ ರುಚಿ? ಹುಳಿಯಾ, ಒಗರಾ, ಇಲ್ಲ ಮು... ಮುಗ್...” ಎಂದು ನಾನು ತಡವರಿಸಿದೆ. ಒದ್ದೆ ಗೋಣಿಯಲ್ಲಿ ಕಟ್ಟಿಟ್ಟ ಬೀಜದ ವಾಸನೆಗೆ ನಮ್ಮ ಊರಿನಲ್ಲಿ ಒಂದು ಮಾತಿದೆ. ಮದುವೆಯಾಗಿ ಬರೋಡಕ್ಕೆ ಬಂದ ಮೇಲೆ ಆ ಮಾತನ್ನು ನನ್ನೆದುರು ಯಾರೂ ಆಡಿಲ್ಲ. ಅರ್ಧ ನಾಲಿಗೆಗೆ ಬಂತು, ಉಳಿದರ್ಧ ಬರಲಿಲ್ಲ.

“ಅದು ಯಾವುದೂ ಅಲ್ಲ. ಇಂಗು,” ಎಂದಳು ಶಾಲ್ಮಲಿ.

ಶಾಲ್ಮಲಿ ನನ್ನ ಮೊಮ್ಮಗಳು. ಚಾಕೊಲೇಟಿನ ರುಚಿ ನೋಡಿ ಅಂಕ ಕೊಡುವ ಕೆಲಸವನ್ನು ನನ್ನಿಂದ ಕಲಿಯುತ್ತಿದ್ದಾಳೆ. ಈ ಊರಿನ ಕಾರ್ಖಾನೆಯೊಂದರಲ್ಲಿ ನಾನು ಬಹಳ ವರ್ಷ ಮಾಡಿದ್ದೂ ಅದನ್ನೇ. ಅಂದು ಅವಳು ಬೆಳಗಿನ ರೈಲಿನಲ್ಲಿ ಬಂದಿಳಿದಿದ್ದಳು. ಅವಳ ಅಮ್ಮ ನನಗೆಂದು ಕಳಿಸಿದ್ದ ಸಾರಿನ ಪುಡಿಯ ಪೊಟ್ಟಣವನ್ನು ಮೊದಲು ಚೀಲದಿಂದ ತೆಗೆದುಕೊಟ್ಟಳು. ಆಮೇಲೆ ಚಾಕೊಲೇಟ್ ಬಾರ್‌ಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲವೂ ಬೆಳ್ಳಿ ಹಾಳೆಯಲ್ಲಿದ್ದವು. ಒಂದು ಮಾತ್ರ ಬರಿಯ ಕಾಗದದಲ್ಲಿತ್ತು. ಅದನ್ನು ಮಾಡಿದವರು ಹೊಸಬರು. ಸ್ಪರ್ಧೆಗೆ ಮೊದಲ ಸಲ ಕಳಿಸಿದ್ದರು. ಶಾಲ್ಮಲಿ ಒಪ್ಪಿದರೆ ಅವರ ಬಾರ್ ಮುಂದಿನ ಸುತ್ತಿಗೆ ಹೋಗುತ್ತದೆ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

“ಒಗ್ಗರಣೆ ಹಾಕಿದ ಪಾತ್ರೆಯಲ್ಲೇ ಚಾಕೊಲೇಟ್ ಕಾಯಿಸಿರಬೇಕು. ಶುಚಿ ಇಲ್ಲದವರು. ಹಾಗೆಂದು ಬರೆದುಬಿಡಲಾ?”

ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಇಂಗು ಇತ್ತು.

“ಬರೆಯುವೆಯಂತೆ, ಕೂತುಕೋ,” ಎಂದು ಈ ಕತೆ ಹೇಳಿದೆ.

ಒಬ್ಬ ಕೃಷಿಕನಿದ್ದ. ಒಬ್ಬ ಚಾಕೊಲೇಟ್ ಮಾಡುವವನಿದ್ದ. ಕೃಷಿಕನ ತೋಟದಲ್ಲಿ ತೆಂಗಿನ ಮರಗಳ ನಡುವೆ ಕೊಕ್ಕೊ ಗಿಡಗಳಿದ್ದವು. ಅವನು ಕಾಯಿ ಒಡೆದು, ಬೀಜವನ್ನು ಲೋಳೆ ಸಮೇತ ಮರದ ಪೆಟ್ಟಿಗೆಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿ ಹುಳಿ ಬರಿಸುತ್ತಿದ್ದ. ಆಮೇಲೆ ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದ. ಚಾಕೊಲೇಟಿನವನು ಆ ಬೀಜವನ್ನು ಹುರಿದು, ಸಿಪ್ಪೆ ಕೇರಿ, ಸಕ್ಕರೆ ಸೇರಿಸಿ, ಕಲ್ಲಿನ ಯಂತ್ರದಲ್ಲಿ ನುಣ್ಣಗೆ ಅರೆದು ಅಚ್ಚಿಗೆ ಹೊಯ್ಯುತ್ತಿದ್ದ. ಕೃಷಿಕ ಬೇರೆ ಯಾರಿಗೂ ಬೀಜ ಕೊಡುತ್ತಿರಲಿಲ್ಲ. ಚಾಕೊಲೇಟಿನವನು ಬೇರೆ ಯಾರಿಂದಲೂ ಕೊಳ್ಳುತ್ತಿರಲಿಲ್ಲ. ಇಬ್ಬರ ನಡುವೆ ಕಾಗದಪತ್ರ ಇರಲಿಲ್ಲ. ಮಾತೇ ಸಾಕಾಗಿತ್ತು.

ಒಮ್ಮೆ ಚಾಕೊಲೇಟಿನವನು ತನ್ನ ಬಾರ್‌ಗಳನ್ನು ಸ್ಪರ್ಧೆಗೆ ಕಳಿಸಿದ. ರುಚಿ ನೋಡುವವರು ತಮ್ಮ ಕ್ರಮದಂತೆ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಸಪ್ಪೆ ಮಂಡಕ್ಕಿ ಅಗಿದರು. ಸದ್ದು ಕೇಳಲು ಬಾರನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ತುಂಡನ್ನು ಅಗಿಯದೆ ನಾಲಿಗೆಯ ಮೇಲೆ ಕರಗಲು ಬಿಟ್ಟರು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಬರೆದರು. ಎಲ್ಲರ ಹಾಳೆಯಲ್ಲೂ ಒಂದೇ ಮಾತಿತ್ತು: ಕೊನೆಯಲ್ಲಿ ಮಲ್ಲಿಗೆ.

ಆ ಬಾರ್‌ಗೆ ಮೊದಲ ಸ್ಥಾನ ಬಂತು. ಒಬ್ಬ ದೊಡ್ಡ ವ್ಯಾಪಾರಿ ಮನೆ ಹುಡುಕಿಕೊಂಡು ಬಂದ. “ಈ ಮಲ್ಲಿಗೆಯ ಬಾರನ್ನು ಎಷ್ಟು ಮಾಡಿದರೂ ನನಗೇ ಕೊಡಿ. ಮುಂದಿನ ಕೊಯ್ಲು ಮುಗಿಯುವಾಗ ಬರುತ್ತೇನೆ” ಎಂದು ಹೇಳಿ ಹೋದ.

ಚಾಕೊಲೇಟಿನವನು ಅಲ್ಲಿಂದ ನೇರ ತೋಟಕ್ಕೆ ಓಡಿದ.

“ಮಾರಾಯರೇ, ನಿಮ್ಮ ಬೀಜದಲ್ಲಿ ಮಲ್ಲಿಗೆ ಇದೆಯಂತೆ.”

ಬೀಜ ಹರಡುತ್ತಿದ್ದ ಕೃಷಿಕ ಬೆನ್ನು ನೆಟ್ಟಗೆ ಮಾಡಿದ. “ನನ್ನ ಬೀಜದಲ್ಲಾ? ನಾನು ಬುಡಕ್ಕೆ ಹಾಕುವುದು ಸೆಗಣಿ.”

“ಪರಿಮಳ ಮಣ್ಣಿನ ಒಳಗಿರುತ್ತದೆ. ಅದು ಮೇಲಿನಿಂದ ತಿಳಿಯುವುದಿಲ್ಲ.”

“ಒಂದು ಮಳೆ ಬೀಳಲಿ. ಇಲ್ಲಿಯ ಪರಿಮಳ ರಸ್ತೆಯವರೆಗೂ ತಿಳಿಯುತ್ತದೆ,” ಎಂದು ಕೃಷಿಕ ನಕ್ಕ.

ನಕ್ಕರೂ ಅವನಿಗೆ ಸಂತೋಷವಾಯಿತು. ಅವನ ಬೀಜವನ್ನು ಅದುವರೆಗೆ ಯಾರೂ ಹಾಗೆ ಹೊಗಳಿರಲಿಲ್ಲ.

ಮುಂದಿನ ಕೊಯ್ಲಿಗೆ ಮೊದಲು ಚಾಕೊಲೇಟಿನವನ ಹೆಂಡತಿ ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೋದಳು. ಅವನೊಬ್ಬನೇ ಮನೆಯಲ್ಲಿದ್ದು ಕೆಲಸ ಮಾಡಿದ. ಹೊಸ ಬೀಜ ಬಂತು, ಬಾರ್ ಆಯಿತು. ಒಂದು ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. ಮಲ್ಲಿಗೆ ಬರಲಿಲ್ಲ. ಬಾಯಿ ಮುಕ್ಕಳಿಸಿ ಮತ್ತೆ ನೋಡಿದ. ಆಗಲೂ ಬರಲಿಲ್ಲ.

ಕೃಷಿಕನಿಗೆ ಹೇಳಿದ. ಕೃಷಿಕ ಪೆಟ್ಟಿಗೆ ತೊಳೆದು ಹೊಸ ಬಾಳೆಲೆ ಮುಚ್ಚಿದ. ಮಲ್ಲಿಗೆ ಇಲ್ಲ. ಹಿಂದಿನ ವರ್ಷ ಕೊಯ್ದ ಗಿಡಗಳಿಂದಲೇ ಕೊಯ್ಯಿರಿ ಎಂದ ಚಾಕೊಲೇಟಿನವನು. ಕೃಷಿಕ ಹಾಗೇ ಮಾಡಿದ. ಇಲ್ಲ. ಕೊನೆಗೆ ಕೃಷಿಕ ತಾನೇ ಮಲ್ಲಿಗೆಯ ಗಿಡಗಳನ್ನು ತಂದು ಕೊಕ್ಕೊ ಸಾಲುಗಳ ನಡುವೆ ನೆಟ್ಟ. ನೆರಳಿನಲ್ಲಿ ಅವು ಮೊಗ್ಗು ಬಿಡಲಿಲ್ಲ. ಒಂದು ದಿನ ಆಡು ನುಗ್ಗಿ ಎಲ್ಲವನ್ನೂ ತಿಂದಿತು.

“ಆ ಆಡಿನ ಹಾಲಿಗಾದರೂ ಮಲ್ಲಿಗೆ ಬಂತಾ ಅಜ್ಜೀ?” ಎಂದಳು ಶಾಲ್ಮಲಿ.

“ಅದು ಹೋತ,” ಎಂದೆ.

ವ್ಯಾಪಾರಿ ಬರುವ ದಿನ ಹತ್ತಿರವಾಯಿತು. ಚಾಕೊಲೇಟಿನವನಿಗೆ ನಿದ್ದೆ ಕಡಿಮೆಯಾಯಿತು, ಸಂಶಯ ಹೆಚ್ಚಾಯಿತು. ಕೃಷಿಕ ಕೊಯ್ಲಿನ ಕೊನೆಯ ಗೋಣಿ ತಂದಿಳಿಸಿದಾಗ, ಅವನು ಒಳಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು ಮೂಸಿದ.

“ಇದು ಮುಗ್ಗಲು ಹಿಡಿದಿದೆ,” ಎಂದ.

ಇಲ್ಲಿ ನಾನು ಒಂದು ಗಳಿಗೆ ನಿಲ್ಲಿಸಿದೆ. “ಹಾಂ, ಮುಗ್ಗಲು. ಆಗ ಬಾರದ ಮಾತು ಅದೇ,” ಎಂದೆ. ಶಾಲ್ಮಲಿ, “ಸರಿ, ಮುಂದೆ ಹೇಳು,” ಎಂದಳು.

“ಇಷ್ಟು ಬಿಸಿಲು ತಿಂದ ಬೀಜಕ್ಕೆ ಮುಗ್ಗಲು ಎಲ್ಲಿಂದ ಬರಬೇಕು?” ಎಂದ ಕೃಷಿಕ.

“ಹಾಗಾದರೆ ಇದು ನಿಮ್ಮ ತೋಟದ್ದಲ್ಲ. ಬಹುಮಾನ ಬಂದ ಮೇಲೆ ಒಳ್ಳೆಯ ಬೀಜಕ್ಕೆ ಬೇರೆ ಗಿರಾಕಿ ಸಿಕ್ಕಿರಬೇಕು. ನನಗೆ ಯಾರದೋ ಅಂಗಳ ಗುಡಿಸಿ ತಂದಿದ್ದೀರಿ.”

ಕೃಷಿಕ ಬಗ್ಗಿ ಗೋಣಿಯ ಬಾಯಿ ಕಟ್ಟಿದ.

“ಬೀಜ ಚೆನ್ನಾಗಿಲ್ಲ ಎಂದಿದ್ದರೆ ಇನ್ನೊಂದು ಗೋಣಿ ತರುತ್ತಿದ್ದೆ. ನಾನು ಸುಳ್ಳುಗಾರ ಎಂದಿರಿ. ಬದಲಿಗೆ ತರಲು ಇನ್ನೊಬ್ಬ ನನ್ನಲ್ಲಿ ಇಲ್ಲ.”

ಗೋಣಿಯನ್ನು ಹೆಗಲಿಗೇರಿಸಿಕೊಂಡು ಹೋದ. ಮತ್ತೆ ಬರಲಿಲ್ಲ.

ಚಾಕೊಲೇಟಿನವನು ಊರೂರು ಅಲೆದು ಬೇರೆ ಬೀಜ ತಂದ. ಅದಕ್ಕೆ ನಿಜವಾಗಿಯೂ ಮುಗ್ಗಲು ಹಿಡಿದಿತ್ತು.

ಅಲ್ಲಿ ಮಗಳ ಕೂಸು ಕವುಚಿಕೊಳ್ಳಲು ಕಲಿಯಿತು. ಹೆಂಡತಿ ಮನೆಗೆ ಹಿಂದಿರುಗಿದಳು. ಬಂದ ಸಂಜೆಯೇ ಗಂಡನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ದಾರಿಯಲ್ಲಿ ಕೊಂಡು ತಂದದ್ದನ್ನೆಲ್ಲ ಅದರದರ ಜಾಗದಲ್ಲಿ ಇಟ್ಟು ಮಲಗಿದಳು.

ಮರುದಿನ ಬೆಳಿಗ್ಗೆ ಚಾಕೊಲೇಟಿನವನು ಫ್ರಿಜ್ಜಿನಿಂದ ಒಂದು ಬಾರ್ ತೆಗೆದ. ಅದು ಕೃಷಿಕನ ಬೀಜದ್ದೇ, ಜಗಳಕ್ಕೆ ಮೊದಲು ಮಾಡಿದ್ದು. ವ್ಯಾಪಾರಿ ಅಂದು ಮಧ್ಯಾಹ್ನ ಬರುವವನಿದ್ದ. ಅವನಿಗೆ ಏನು ತೋರಿಸುವುದೆಂಬ ಚಿಂತೆಯಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟ. ತುಂಡು ಕರಗಿತು. ಕೊನೆಯಲ್ಲಿ ಮಲ್ಲಿಗೆ ಬಂತು.

ಅವನು ಇನ್ನೊಂದು ತುಂಡನ್ನು ಹೆಂಡತಿಯ ಬಾಯಿಗೆ ಹಾಕಿದ. “ಏನು ಬರುತ್ತದೆ ಹೇಳು.”

“ಮಲ್ಲಿಗೆ,” ಎಂದಳು. “ಬಾರದೆ ಏನು?”

ಅವಳು ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದಳು. ಕಾಗದ ಸುತ್ತಿದ ಬಾರ್‌ಗಳಿಗೆ ಒತ್ತಿಕೊಂಡು ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡು ಇತ್ತು. ಸಂಜೆ ಹೂ ಕೊಂಡು ಅಲ್ಲಿಡುವುದು, ಬೆಳಿಗ್ಗೆ ಮಿಂದು ಮುಡಿಯುವುದು ಅವಳ ಕ್ರಮ. ಕೊಕ್ಕೊ ಬೀಜದ ಕೊಬ್ಬು ಪಕ್ಕದಲ್ಲಿರುವ ವಾಸನೆಯನ್ನು ಕುಡಿಯುತ್ತದೆ. ಇದು ಚಾಕೊಲೇಟಿನವನಿಗೆ ತಿಳಿಯದ ವಿಷಯವಲ್ಲ. ಅದಕ್ಕೇ ಅವನು ಆ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ ಇಡಲು ಬಿಡುತ್ತಿರಲಿಲ್ಲ, ಒಣಮೀನಂತೂ ಮನೆಗೇ ಬರುವಂತಿರಲಿಲ್ಲ. ಹೂವೂ ಒಂದು ವಾಸನೆ ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

“ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಯಿತಂತೆ. ನಿಮ್ಮ ಚಾಕೊಲೇಟ್ ಬಹುಮಾನಕ್ಕೆ ಹೋಯಿತು,” ಎಂದಳು ಹೆಂಡತಿ. “ಅದು ಹೋಗಲಿ. ಆ ಪುಣ್ಯಾತ್ಮನ ತೋಟದ ಮಣ್ಣನ್ನೆಲ್ಲ ಮೂಸಿದಿರಲ್ಲ, ಈ ಬಾಗಿಲು ಒಮ್ಮೆ ತೆಗೆಯಲಿಲ್ಲವಾ?”

“ದಿನಾ ತೆಗೆಯುತ್ತಿದ್ದೆ. ನೀನಿರಲಿಲ್ಲ.”

ಚಾಕೊಲೇಟಿನವನು ಬಾಗಿಲು ಹಿಡಿದುಕೊಂಡು ನಿಂತ. ಇನ್ನು ಕಷ್ಟವಿಲ್ಲ ಎಂದು ಅವನಿಗೆ ತಿಳಿಯಿತು. ಮಲ್ಲಿಗೆ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಯಾರ ಬೀಜವಾದರೂ ಆಗುತ್ತದೆ. ವ್ಯಾಪಾರಿಗೆ ಬೇಕಾದದ್ದು ಮಲ್ಲಿಗೆ, ಅದು ಎಲ್ಲಿಂದ ಬಂತೆಂದು ಅವನು ಕೇಳುವುದಿಲ್ಲ. ಕೃಷಿಕನೂ ಇನ್ನು ಈ ಕಡೆ ಬರುವುದಿಲ್ಲ.

ಆದರೂ ಅವನು ಮಲ್ಲಿಗೆಯ ಚೆಂಡನ್ನು ಕೈಗೆತ್ತಿಕೊಂಡು ಮೆಟ್ಟಿಲಿಳಿದ.

“ಅದು ನನ್ನ ಹೂವು,” ಎಂದು ಹೆಂಡತಿ ಹಿಂದಿನಿಂದ ಹೇಳಿದಳು. ಅವನು ಆಗಲೇ ಗೇಟು ದಾಟಿದ್ದ.

ಕೃಷಿಕ ಅಂಗಳದಲ್ಲಿ ಬೀಜ ಮಗುಚುತ್ತಿದ್ದ. ಬಂದವನನ್ನು ನೋಡಿದ, ಕೂರಿ ಎನ್ನಲಿಲ್ಲ. ಚಾಕೊಲೇಟಿನವನು ಹೂವಿನ ಪೊಟ್ಟಣವನ್ನು ಅವನ ಮುಂದೆ ಹಿಡಿದ.

“ಮಲ್ಲಿಗೆ ಇದರದ್ದು. ನಮ್ಮ ಫ್ರಿಜ್ಜಿನಲ್ಲೇ ಇತ್ತು. ನೀವು ಸುಳ್ಳು ಹೇಳಿರಲಿಲ್ಲ. ನಾನು ಆಡಬಾರದ ಮಾತಾಡಿದೆ.”

ಕೃಷಿಕ ಹೂವನ್ನು ನೋಡಿದ. ಅವನನ್ನು ನೋಡಿದ.

ಕೃಷಿಕನ ಹೆಂಡತಿ ಜಗಲಿಯಿಂದ, “ಹೂವು ಕೊಟ್ಟು ರಾಜಿಯಾಗುವುದಾದರೆ ಇಲ್ಲಿ ಕೊಡಲಿ. ನಮ್ಮವರಿಗೆ ಮುಡಿಯಲು ಕೂದಲೆಲ್ಲಿದೆ?” ಎಂದಳು.

ಕೃಷಿಕ ನಗದಿರಲು ನೋಡಿದ, ಆಗಲಿಲ್ಲ. ನಕ್ಕು ಮುಗಿದ ಮೇಲೆ ಒಂದು ಮಾತು ಕೇಳಿದ.

“ಮಲ್ಲಿಗೆ ನಿಮ್ಮ ಮನೆಯದ್ದಾಯಿತು. ಹಾಗಾದರೆ ನನ್ನ ಬೀಜದ ರುಚಿ ಯಾವುದು?”

ಇಡೀ ಕೊಯ್ಲು ಚಾಕೊಲೇಟಿನವನು ಬಾಯಲ್ಲಿ ಇಲ್ಲದ್ದನ್ನು ಹುಡುಕಿದ್ದ. ಇದ್ದದ್ದನ್ನು ನೋಡಿರಲಿಲ್ಲ.

ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ. ಬೀಜ ಹರಡಿದ್ದ ಚಾಪೆಯ ಅಂಚಿನಲ್ಲಿ ಕೂತು, ಒಣಗಿದ ಬೀಜವೊಂದರ ಸಿಪ್ಪೆ ಬಿಡಿಸಿ ಮೆಲ್ಲಗೆ ಅಗಿದ. ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದ. ಮೊದಲು ಒಗರು. ಆಮೇಲೆ ಸಣ್ಣ ಹುಳಿ, ಸಿಪ್ಪೆ ಕಪ್ಪಾದ ಬಾಳೆಹಣ್ಣಿನ ಹಾಗೆ. ಕೃಷಿಕ ಶಾಲೆಯ ಮಾಸ್ತರರಿಂದ ಮಗನ ಸುದ್ದಿ ಕೇಳುವವನಂತೆ ಎದುರಿಗೆ ಕೂತಿದ್ದ. ನುಂಗಿದ ಮೇಲೂ ಚಾಕೊಲೇಟಿನವನು ಕಾದ. ಬಹಳ ತಡವಾಗಿ ಇನ್ನೊಂದು ಬಂತು.

“ಸುಟ್ಟ ಗೇರುಬೀಜ,” ಎಂದ.

“ಗೇರುಬೀಜವಾ?” ಎಂದ ಕೃಷಿಕ. ತಾನೂ ಒಂದು ಬೀಜ ಬಾಯಿಗೆ ಹಾಕಿಕೊಂಡ. “ಇಷ್ಟು ವರ್ಷ ಇದರ ಜೊತೆಗಿದ್ದೆ. ನನಗೂ ಹೇಳಿರಲಿಲ್ಲ ನೋಡಿ ಇದು.”

ಮಧ್ಯಾಹ್ನ ವ್ಯಾಪಾರಿ ಬಂದ. ಚಾಕೊಲೇಟಿನವನು ಮಲ್ಲಿಗೆಯ ಸಂಗತಿಯನ್ನು ಹೇಳಿ, ಮುಚ್ಚಿದ ಡಬ್ಬಿಯಲ್ಲಿಟ್ಟಿದ್ದ, ಹೂವು ತಾಗದ ಬಾರನ್ನು ಅವನ ಮುಂದಿಟ್ಟ. ವ್ಯಾಪಾರಿ ತಿಂದು ನೋಡಿ, ಇದ್ದದ್ದರಲ್ಲಿ ಅರ್ಧವನ್ನು ಮಾತ್ರ ಕೊಂಡ. ಉಳಿದರ್ಧವನ್ನು ಚಾಕೊಲೇಟಿನವನು ಊರಿನಲ್ಲೇ ಮಾರಿದ. ಕೃಷಿಕನ ಗೋಣಿಗಳು ಮೊದಲಿನಂತೆ ಅವನ ಮನೆಗೇ ಬಂದವು.

ಕತೆ ಅಲ್ಲಿಗೆ ಮುಗಿಯಿತು.

“ಹಾಗಾದರೆ ಸ್ಪರ್ಧೆಯಲ್ಲಿ ರುಚಿ ನೋಡಿದವರೇ ದಡ್ಡರು,” ಎಂದಳು ಶಾಲ್ಮಲಿ.

“ಯಾಕೆ? ಮಲ್ಲಿಗೆ ಇತ್ತಲ್ಲ. ಇದ್ದದ್ದನ್ನು ಬರೆದರು.”

“ನಾನೂ ಅದನ್ನೇ ಅಲ್ಲವಾ ಮಾಡುವುದು? ಇಂಗು ಇದೆ. ನೀನೂ ನೋಡಿದೆ.” ಅವಳು ಅಂಕದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಕಾಗದದ ಬಾರಿನ ಎದುರು ‘ಇಂಗು’ ಎಂದು ಬರೆದಳು. “ಇನ್ನು, ಮಾಡಿದವರಿಗೆ ಶುಚಿ ಇಲ್ಲ ಎಂದು ಬರೆಯುತ್ತೇನೆ.”

“ಬರಿ ಮಗಾ, ಅದಕ್ಕೆ ಮೊದಲು ಸಾರಿನ ಪುಡಿ ತಂದ ಆ ಚೀಲದೊಳಗೆ ಒಮ್ಮೆ ಮೂಗಿಟ್ಟು ಬಾ.”