ಆರುನೂರು ಪಾದದ ಬಯಲು

ಒಂದಾನೊಂದು ಕಾಲದಲ್ಲಿ, ನನ್ನ ಅಜ್ಜಿಯ ಅಜ್ಜಿಗೂ ಹಲ್ಲು ಬರೋ ಮುಂಚೆ, ಸಮುದ್ರದಾಚೆ ಗ್ರೀಸ್ ಅನ್ನೋ ದೇಶದಲ್ಲಿ ಮೂರು ಊರುಗಳಿದ್ದವಂತೆ. ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗ್ತಿರಲಿಲ್ಲವಂತೆ. ಹೊಡೆದಾಡಿ ಹೊಡೆದಾಡಿ ಸಾಕಾಗಿ, ಇನ್ಮೇಲೆ ಈಟಿ ಬೇಡ, ಓಡಿ ಗೆಲ್ಲೋಣ ಅಂತ ಒಪ್ಪಿದರಂತೆ. ಓಡೋಕೆ ಬಯಲು ಬೇಕಲ್ಲ? ಆರುನೂರು ಪಾದ ಉದ್ದ ಇರಬೇಕು, ಹುಣ್ಣಿಮೆಯೊಳಗೆ ಮುಗೀಬೇಕು, ಇಲ್ಲಾಂದ್ರೆ ಮತ್ತೆ ಈಟಿನೇ ಅಂತ ಕಲ್ಲುಕುಟಿಗ ಥಿಯೋನನಿಗೆ ಹೇಳಿದರಂತೆ. ಅವನಿಗೆ ಒಬ್ಬಳೇ ಮಗಳು, ಮೆಲಿಟ್ಟ. ಅಪ್ಪನ ಜೊತೆ ಕೂತು ಕಲ್ಲು ಕೆತ್ತೋಳು, ಭಾರೀ ಗಟ್ಟಿಗಿತ್ತಿ.

ಆದ್ರೆ ಯಾರ ಪಾದದಲ್ಲಿ ಅಳೆಯೋದು? ಮೊದಲನೇ ಊರಿನ ಯಜಮಾನ ನನ್ನದೇ ಅಂದನಂತೆ. ಅವನದು ಹಲಗೆಯಂಥ ಪಾದ. ಅಳೆದು ಕಲ್ಲು ನೆಟ್ಟರೆ, ಉಳಿದೆರಡು ಊರಿನವರು ಬಂದು ಕಿತ್ತು ಬಿಸಾಕಿದರಂತೆ. ಆಮೇಲೆ ಎರಡನೇ ಯಜಮಾನನ ಪಾದ, ಅದನ್ನೂ ಕಿತ್ತರಂತೆ. ಆಮೇಲೆ ಮೂರನೆಯವನದು, ಅವನ ಹೆಬ್ಬೆರಳೋ ಸೊಟ್ಟ, ಆ ಕಲ್ಲೂ ಹೋಯ್ತಂತೆ. ನಗಬೇಡ್ವೋ, ನಿದ್ದೆ ಹಾರಿಹೋಗುತ್ತೆ. ಹುಣ್ಣಿಮೆಗೆ ಇನ್ನು ಎರಡೇ ದಿನ, ಮೂರೂ ಊರಲ್ಲಿ ಈಟಿ ಮಸೆಯೋ ಸದ್ದು. ಥಿಯೋನ ತಲೆ ಮೇಲೆ ಕೈ ಹೊತ್ತು ಕೂತನಂತೆ.

ಮೆಲಿಟ್ಟ ಮಾತ್ರ, ಏಳಪ್ಪ, ಗೂಟ ಹಿಡ್ಕೋ, ನಾನು ಅಳೀತೀನಿ ಅಂದಳಂತೆ. ಯಜಮಾನರು ಮರದ ನೆರಳಲ್ಲಿ ಕೂತು ಕಚ್ಚಾಡ್ತಿದ್ದಾಗ, ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ಒಂದು, ಎರಡು, ಮೂರು ಅಂತ ಆರುನೂರು ಎಣಿಸಿ, ಆ ಕೊನೆಗೊಂದು ಈ ಕೊನೆಗೊಂದು ಕಲ್ಲಿನ ಸಾಲು ಹಾಸಿ, ಓಡೋರು ಕಾಲ್ಬೆರಳು ಊರೋಕೆ ಗೀರು ಕೆತ್ತಿಬಿಟ್ಟಳಂತೆ.

ಆಮೇಲೆ ಮೂವರೂ ಓಡಿಬಂದು, ಇದು ಯಾರ ಪಾದದ ಅಳತೆ ಅಂತ ಕೂಗಾಡಿದರಂತೆ. ಅವನದಾ? ಅಲ್ಲ. ಇವನದಾ? ಅಲ್ಲ. ನಿಮ್ಮ ಮೂವರದೂ ಅಲ್ಲ, ಯಾರೇ ಓಡಿದರೂ ಇದೇ ಗೀರಿಂದ ಅದೇ ಗೀರಿಗೆ ಅಂದಳಂತೆ. ಹಾಗಾದ್ರೆ ಸರಿ ಬಿಡು ಅಂತ ಮೂವರೂ ಮೀಸೆ ತಿರುವಿದರಂತೆ. ಮತ್ತೆ ಯಾರದು ಅಂತ ಒಬ್ಬನಾದ್ರೂ ಕೇಳಿದನಾ? ಇಲ್ಲ! ಪಕ್ಕದವನದಲ್ಲ ಅಂದ್ರೆ ಸಾಕು, ಆ ಜಂಬದವರಿಗೆ.

ಓಟದ ದಿನ ಮೆಲಿಟ್ಟ ನೋಡೋಕೆ ಹೋದ್ರೆ, ಕಾವಲಿನವನು ಕೋಲು ಅಡ್ಡ ಹಿಡಿದು, ಯಜಮಾನರ ಹೊಸ ಕಟ್ಟಳೆ, ಹೆಂಗಸರು ಈ ಬಯಲಲ್ಲಿ ಕಾಲಿಡೋ ಹಾಗಿಲ್ಲ ಅಂದನಂತೆ. ಅವಳು ಕಿಸಕ್ಕನೆ ನಕ್ಕು, ಅಯ್ಯೋ ಮಾರಾಯ, ಆರುನೂರು ಸಲ ಇಟ್ಟಾಯ್ತಲ್ಲ ಅಂದು, ಅಪ್ಪನನ್ನ ಕರ್ಕೊಂಡು ಎದುರು ಗುಡ್ಡ ಹತ್ತಿ, ಅಂಜೂರ ತಿಂತಾ ಕೂತಳಂತೆ. ಕೆಳಗೆ ಮೂರೂ ಊರಿನ ಹುಡುಗರು ಒಬ್ಬರ ಪಕ್ಕ ಒಬ್ಬರು ತಲೆ ಬಗ್ಗಿಸಿ, ಅವಳು ಕೆತ್ತಿದ ಗೀರಲ್ಲಿ ಬೆರಳು ಊರಿ ನಿಂತರಂತೆ. ಈಟಿಗಳೆಲ್ಲ ದ್ರಾಕ್ಷಿಬಳ್ಳಿಗೆ ಊರುಗೋಲಾದವಂತೆ, ಎಲ್ಲರೂ ಸುಖವಾಗಿದ್ದರಂತೆ.

ಮೆಲಿಟ್ಟಳ ಕತೆ ಮುಗೀತು. ಇನ್ನು ನಿನ್ನ ಪುಟ್ಟ ಪಾದ ಕಂಬಳಿಯೊಳಗೆ ಎಳ್ಕೋ.