ಸೆರಗಿನ ಗಂಟು

ಕೆಂಚವ್ವನ ಹಿತ್ತಲಲ್ಲಿ ಒಂದು ಹರಿವೆ ಗಿಡವಿತ್ತು. ಜೊತೆಗೆ ಹುಟ್ಟಿದವೆಲ್ಲ ಸಾರಿಗೆ ಹೋಗಿದ್ದವು. ಅದೊಂದೇ ದಂಟು ಬಲಿತು, ತೆನೆ ಹೊತ್ತು ನಿಂತಿತ್ತು. ಅದಕ್ಕೆ ನಾಚಿಕೆಯಾಯಿತು.

"ಕುಡುಗೋಲಣ್ಣ, ನನ್ನನ್ನೂ ಕೊಯ್ಯಿ. ಬೇಡದ್ದು ಅಂತ ಬಿಟ್ಟಿದ್ದಾರೆ. ಗುಬ್ಬಿಗಳೂ ನಗುತ್ತವೆ."

ಬೇಲಿಗೆ ಸಿಕ್ಕಿಸಿದ್ದ ಕುಡುಗೋಲು ಹೇಳಿತು: "ಕೊರಳಲ್ಲಿ ಏನಿದೆ ನೋಡಿಕೊ, ತಂಗಿ."

"ಹರಕು ಬಟ್ಟೆ."

"ಕೆಂಚವ್ವನ ಸೆರಗಿನ ಚೂರು ಅದು. ಸೊಪ್ಪಿನ ಮಡಿಯಲ್ಲಿ ಎಲ್ಲಕ್ಕಿಂತ ಚೆಂದದ ಗಿಡಕ್ಕೆ, ಬೀಜಕ್ಕಿರಲಿ ಅಂತ ಗಂಟು ಹಾಕುತ್ತಿದ್ದಳು. ಗಂಟಿದ್ದಲ್ಲಿ ನಾನು ಬಾಯಿ ಹಾಕುವಂತಿಲ್ಲ."

"ಕಟ್ಟಿ ಹೋದವಳು ಮತ್ತೆ ಬರಲೇ ಇಲ್ಲವಲ್ಲ?"

"ಇನ್ನು ಬರುವುದಿಲ್ಲ. ಮಣ್ಣಿಗೆ ಹೋದಳು."

"ಹಾಗಾದರೆ ನನ್ನ ಬೀಜ ಯಾರು ತೆಗೆಯುತ್ತಾರೆ?"



ತೆನೆ ಒಣಗಿದ ಮೇಲೆ ಕೆಂಚವ್ವನ ಗಂಡ ನಿಂಗಣ್ಣ ಬಂದ. ಉಣ್ಣುವುದು ಬಿಟ್ಟರೆ ಸೊಪ್ಪಿನ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಒಣಗಿದ್ದನ್ನು ಕೊಯ್ದು ಬಿಸಾಡೋಣ ಎಂದು ಕುಡುಗೋಲು ಎತ್ತಿದವನು, ಗಂಟು ಕಂಡು ಕೈ ಇಳಿಸಿದ. ಒಳ್ಳೆ ಸೀರೆ ಯಾಕೆ ಹರಿಯುತ್ತೀ ಎಂದು ಅವಳನ್ನು ಗದರಿದ್ದು ನೆನಪಾಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಟ್ಟೆಯನ್ನು ಮುಟ್ಟಿದ. ತೆನೆ ಅಲುಗಿ ಅಂಗೈಗೆ ಕರಿ ಬೀಜ ಉದುರಿತು.

"ಇದಕ್ಕೇನೇ, ಕೆಂಚಿ?" ಎಂದ.

ಬೀಜಕ್ಕೆ ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿಟ್ಟ. ಮಳೆ ಬಿದ್ದ ಮೇಲೆ ಮಡಿಗೆ ಚೆಲ್ಲಿದ. ಹರಿವೆ ಎದ್ದಿತು. ಮೊದಲ ಕೊಯ್ಲಿನ ದಿನ, ಎಲ್ಲಕ್ಕಿಂತ ಚೆಂದದ ಗಿಡವನ್ನು ಹುಡುಕಿ, ಹೆಗಲ ಮೇಲಿನ ಹೊಸ ಟವೆಲ್ಲಿನ ಅಂಚು ಹರಿದು ಕಟ್ಟಿದ.

"ಏನಣ್ಣ ಇದು, ಹರಕು ಬಟ್ಟೆ?" ಎಂದು ಆ ಗಿಡ ಕೇಳಿತು.

"ಕೆಂಚವ್ವನ ಗಂಟು," ಎಂದಿತು ಕುಡುಗೋಲು.