ಮೀಸಲು ಎಂಜಿನ್ನಿನ ಒಳಗಿನ ಉಂಗುರ

ಸ್ವಲ್ಪ ಹತ್ತಿರ ಬನ್ನಿ. ಇದು ನಿಮ್ಮ ಕಿವಿಯಲ್ಲೇ ಇರಲಿ, ಮನೆಯವರ ಹತ್ತಿರವೂ ಬಾಯಿ ಬಿಡಬಾರದು. ನಮ್ಮ ಮಹಿಳಾ ಮಂಡಳಿಯಲ್ಲಿ ಕಳ್ಳತನವಾಗಿದೆ.

ಅಂಗನವಾಡಿ ಮಕ್ಕಳ ಇಡ್ಲಿಗೆ ಹಿಟ್ಟು ರುಬ್ಬುವ ಗ್ರೈಂಡರು ಸುಟ್ಟುಹೋಯಿತು. ಹೋಗಲಿ, ಮೂಲೆಯಲ್ಲಿ ಮೀಸಲು ಗ್ರೈಂಡರು ಇದೆಯಲ್ಲ ಎಂದು ಗೋಣಿ ಸರಿಸಿದರೆ, ಮುಚ್ಚಳ ಇಲ್ಲ, ಕಲ್ಲು ಇಲ್ಲ! ಮುಚ್ಚಳ ನಮ್ಮ ಮಂಡಳಿಯ ಶೇವಂತಿಯ ಮನೆಗೆ ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ನಾನು ಹೇಳಿದೆ ಎನ್ನಬೇಡಿ. ನಮ್ಮ ಮನೆಯ ಗ್ರೈಂಡರು ಈಚೆಗೆ ಚೆನ್ನಾಗಿ ತಿರುಗುತ್ತಿದೆ, ಅದು ಬೇರೆ ಮಾತು.

ನೆರೆಮನೆಯ ಉಮಾಕಾಂತ ಮಾಸ್ತರು ನೌಕಾಪಡೆಯ ಹಡಗಿನಲ್ಲಿ ಉಗ್ರಾಣ ನೋಡಿಕೊಂಡಿದ್ದವರು. ಈಗ ಸಂಜೆ ಜಗಲಿಯಲ್ಲಿ ಕೂತು, ಕೇಳಿದವರಿಗೆ ನಾಲ್ಕು ಬುದ್ಧಿಮಾತು ಹೇಳುತ್ತಾರೆ, ಅದಕ್ಕೇ ಮಾಸ್ತರು ಎಂಬ ಹೆಸರು. ನಾನೂ ಅವರ ಶಿಷ್ಯೆಯೇ. ಶೇವಂತಿ ಕೂತಿರುವಾಗಲೇ ಎಲ್ಲರ ಮುಂದೆ ಕೇಳಿಬಿಟ್ಟೆ.

"ಮಾಸ್ತರೇ, ಎಲ್ಲರಿಗೂ ಸೇರಿದ ವಸ್ತು ತುಂಡು ತುಂಡಾಗಿ ಮಾಯವಾದರೆ, ಕಳ್ಳರನ್ನು ಹಿಡಿಯುವುದು ಹೇಗೆ?"

ಮಾಸ್ತರು ಕತೆ ಹೇಳಿದರು.

ಒಂದು ಹಡಗು ದೂರದ ಕಡಲಿಗೆ ಹೊರಟಿತು. ಅದರ ಮೇಲೆ ಎರಡು ಹೆಲಿಕಾಪ್ಟರುಗಳು. ಉಗ್ರಾಣದಲ್ಲಿ, ಪೆಟ್ಟಿಗೆಯೊಳಗೆ, ಒಂದು ಮೀಸಲು ಎಂಜಿನ್. ಕಡಲ ನಡುವೆ ಅಂಗಡಿ ಇಲ್ಲ. ಆದ್ದರಿಂದ ಒಂದು ಕಟ್ಟಳೆ ಇತ್ತು. ಮೀಸಲು ಎಂಜಿನ್ನಿನಿಂದ ಏನು ಬಿಚ್ಚಿದರೂ ಪೆಟ್ಟಿಗೆಗೆ ಕೆಂಪು ಚೀಟಿ ಕಟ್ಟಬೇಕು. ಚೀಟಿ ಕಂಡರೆ ಉಗ್ರಾಣಿ ಮುಂದಿನ ಬಂದರಿಗೆ ಆ ಭಾಗ ತರಿಸುತ್ತಾನೆ.

ಒಬ್ಬ ಮೆಕ್ಯಾನಿಕ್ ಎಣ್ಣೆಯ ಕೊಳವೆ ಬಿಚ್ಚಿದ. ಬೆಳಗಿನ ಹಾರಾಟ ನಿಲ್ಲಬಾರದಲ್ಲ. ಚೀಟಿ ಕಟ್ಟಿದರೆ ಬೈಗುಳ ತಿನ್ನಬೇಕು. ಕಟ್ಟಲಿಲ್ಲ. ಇನ್ನೊಬ್ಬ ಪಂಪು ಬಿಚ್ಚಿದ. ಅವನೂ ಕಟ್ಟಲಿಲ್ಲ. ಮೂರನೆಯವನು ಎಲ್ಲರಿಗಿಂತ ಹಿರಿಯ, ಚೀಟಿ ಕಟ್ಟಲು ಕಿರಿಯರಿಗೆ ಕಲಿಸಿದವನೇ ಅವನು. ಅವನು ಎಂಜಿನ್ನಿನ ಒಳಗಿನಿಂದ ಎಣ್ಣೆ ಸೋರದಂತೆ ತಡೆಯುವ ಒಂದು ಸಣ್ಣ ಉಂಗುರ ತೆಗೆದ. ಮತ್ತೆ ಮುಚ್ಚಿ, ಕೈ ಒರೆಸಿಕೊಂಡು ಹೋದ.

ಬಂದರು ಬಂತು, ಹೋಯಿತು. ಚೀಟಿ ಇರಲಿಲ್ಲ. ಉಗ್ರಾಣಿ ಏನೂ ತರಿಸಲಿಲ್ಲ.

"ಅಯ್ಯೋ, ಹಲ್ಕಟ್ಟುಗಳು!" ಎಂದೆ ನಾನು, ಶೇವಂತಿಯನ್ನೇ ನೋಡುತ್ತ. ಅವಳು ಸೆರಗಿನ ತುದಿ ಸುತ್ತುತ್ತಿದ್ದಳು.

ನಡುಗಡಲಲ್ಲಿ ಒಬ್ಬ ನಾವಿಕನಿಗೆ ಹೊಟ್ಟೆನೋವು ಬಂತು. ಮರುದಿನದೊಳಗೆ ದಡದ ಆಸ್ಪತ್ರೆಗೆ ಸೇರಿಸದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಒಂದು ಹೆಲಿಕಾಪ್ಟರ್ ದುರಸ್ತಿಗೆಂದು ಬಿಚ್ಚಿಕೊಂಡು ಕೂತಿತ್ತು. ಇನ್ನೊಂದರ ಎಂಜಿನ್ ಎಣ್ಣೆಯಲ್ಲಿ ಲೋಹದ ಚೂರು ಸಿಕ್ಕಿತು. ಎಂಜಿನ್ ಒಳಗೇ ಸವೆಯುತ್ತಿತ್ತು, ಅದು ಹಾರುವಂತಿರಲಿಲ್ಲ. ಮೀಸಲು ಎಂಜಿನ್ನಿನ ಪೆಟ್ಟಿಗೆ ತೆರೆದರು. ಕೊಳವೆ ಇಲ್ಲ, ಪಂಪು ಇಲ್ಲ.

ಉಗ್ರಾಣಿ ಮೆಕ್ಯಾನಿಕರನ್ನು ಕರೆದ. "ಯಾರು ಬಿಚ್ಚಿದಿರಿ ಎಂದು ಕೇಳುವುದಿಲ್ಲ. ಬಿಚ್ಚಿದ್ದು ಎಲ್ಲಿದೆ, ಅಷ್ಟು ಹೇಳಿ" ಎಂದ.

ಇಬ್ಬರು ಬಾಯಿ ಬಿಟ್ಟರು. ಕೊಳವೆ, ಪಂಪು ಎರಡೂ ದುರಸ್ತಿಗೆ ಕೂತ ಹೆಲಿಕಾಪ್ಟರಿನಲ್ಲಿದ್ದವು. ತಂದು ಕೂರಿಸಿದರು. ನೋಡುವ ಕಣ್ಣಿಗೆ ಎಂಜಿನ್ ಪೂರ್ತಿಯಾಯಿತು. ಉಂಗುರ ಇಲ್ಲದ್ದು ಹಿರಿಯನಿಗೆ ಮಾತ್ರ ಗೊತ್ತು. ಸುಮ್ಮನಿದ್ದರೆ ಅವನ ಮಾನ ಉಳಿಯುತ್ತದೆ, ಆದರೆ ಕಡಲ ಮೇಲೆ ಹಾರುವಾಗಲೇ ಎಂಜಿನ್ ನಿಂತುಹೋಗುತ್ತದೆ.

ಎಂಜಿನ್ ಮೇಲೆತ್ತುವ ಹೊತ್ತಿಗೆ ಅವನು ಕೈ ಅಡ್ಡ ಹಿಡಿದ. "ನಿಲ್ಲಿಸಿ. ಒಳಗೊಂದು ಉಂಗುರ ಇಲ್ಲ. ತೆಗೆದವನು ನಾನು" ಎಂದ.

ಕಿರಿಯರು ಯಾರೂ ನಗಲಿಲ್ಲ. ಒಬ್ಬ ದುರಸ್ತಿಗೆ ಕೂತ ಹೆಲಿಕಾಪ್ಟರಿನಿಂದ ಉಂಗುರ ತರಲು ಓಡಿದ, ಉಳಿದವರು ಎಂಜಿನ್ ಬಿಚ್ಚಿದರು. ಹೆಲಿಕಾಪ್ಟರ್ ಹಾರಿತು. ನಾವಿಕ ಉಳಿದ. ಆಮೇಲೆ ಆ ಹಡಗಿನಲ್ಲಿ ಕೆಂಪು ಚೀಟಿ ಕಟ್ಟಲು ಯಾರೂ ನಾಚಲಿಲ್ಲ.

ಕತೆ ಮುಗಿಯಿತು. ನನಗೆ ತಡೆಯಲಾಗಲಿಲ್ಲ. "ಅದೆಲ್ಲ ಸರಿ ಮಾಸ್ತರೇ, ಆ ಹಿರಿಯನ ಹೆಸರೇನು? ಯಾವ ಊರಿನವನು?"

ಮಾಸ್ತರು ಕಂಬದ ಹಿಂದಿನ ಗೋಣಿ ಸರಿಸಿದರು. ಅಲ್ಲಿ, ಮಂಡಳಿಯಿಂದ ತರಿಸಿಟ್ಟಿದ್ದ ನಮ್ಮ ಮೀಸಲು ಗ್ರೈಂಡರು. ಮೇಲೆ ಮುಚ್ಚಳ, ಒಳಗೆ ಕಲ್ಲು. ಶೇವಂತಿ ತಲೆ ಎತ್ತಿ ನನ್ನನ್ನೇ ನೋಡಿದಳು. ಆಗ ಆ ಮನುಷ್ಯ, ಅಷ್ಟು ಜನರ ಎದುರು, ನನ್ನ ಮುಖಕ್ಕೇ ಹೇಳಿದರು:

"ಉಳಿದದ್ದೆಲ್ಲ ಬಂತು ರುಕ್ಮಾಬಾಯಿ, ನಿಮ್ಮ ಮನೆಯಲ್ಲಿರುವ ಇದರ ಬೆಲ್ಟೊಂದು ಬಂದರೆ ನಾಳೆ ಮಕ್ಕಳಿಗೆ ಇಡ್ಲಿ."